ಕಿಲ್ಬರ್ನ್‌ನಲ್ಲಿ ಹಿಮ್ಮೇಳ

ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ತಿರುವು ಬಂದಾಗ ಮೈಥಿಲಿ ಅಭ್ಯಾಸಬಲದಿಂದ ಇಂಡಿಕೇಟರ್ ಹಾಕಿದಳು, ಆಮೇಲೆ ನಾಚಿಕೊಂಡು ಆರಿಸಿದಳು. ಹಿಂದಿನ ಕಾರಿನವನು ಹಾರನ್ ಹೊಡೆದ. ಇವತ್ತು ಡ್ಯೂಟಿ ಇಲ್ಲ. 'ಸಂಡೇ ನಂಗೇ ಹಾಕ್ಬಿಟ್ಟಿದಾರೆ ಆಂಟಿ, ಭಜನೆಗೆ ಬರಕ್ಕಾಗಲ್ಲ' ಎಂದು ಕಮಲಾ ಆಂಟಿಗೆ ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದ್ದಳೆಂದರೆ, ಅವಳ ಮನಸ್ಸಿನ ಒಂದು ಮೂಲೆ ಅದನ್ನು ನಂಬಿಕೊಂಡು ಬೆಳಿಗ್ಗೆ ಯೂನಿಫಾರ್ಮಿಗೆ ಇಸ್ತ್ರಿಯನ್ನೂ ಹಾಕಿಸಿತ್ತು. ಈಗ ಅಡಿಲೇಡ್‌ನ ಮಾಡ್ಬರಿ ಬಡಾವಣೆಯಲ್ಲಿ ಆಂಟಿಯ ಮನೆಯ ಸೋಫಾಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿರುತ್ತಾರೆ, ಬಾಗಿಲಲ್ಲಿ ಚಪ್ಪಲಿ ಗುಡ್ಡೆ ಬಿದ್ದಿರುತ್ತದೆ, ಆಂಟಿ ಒಂದು ಸಾಲು ಹೇಳುತ್ತಾರೆ, ಎಲ್ಲರೂ ಅದೇ ಸಾಲನ್ನು ಹಾಗೆಯೇ ಹೇಳುತ್ತಾರೆ. ತನ್ನ ದನಿ ಇಲ್ಲದಿದ್ದರೆ ಅಲ್ಲಿ ಯಾರಿಗಾದರೂ ಗೊತ್ತಾಗುತ್ತದೆಯೇ ಎಂದು ಅವಳಿಗೆ ಕುತೂಹಲವಾಯಿತು. ಗೊತ್ತಾಗದಿದ್ದರೆ ಬೇಜಾರು, ಗೊತ್ತಾದರೆ ಭಯ. ಕಾರು ಗ್ರ್ಯಾಂಡ್ ಜಂಕ್ಷನ್ ರೋಡಿನಲ್ಲಿ ಪಶ್ಚಿಮಕ್ಕೆ ಹೊರಟಿತ್ತು, ಕಿಲ್ಬರ್ನ್ ಕಡೆಗೆ, ಒಂದು ಪಬ್ಬಿಗೆ.

ಪಕ್ಕದ ಸೀಟಿನಲ್ಲಿ ಫೋನು ಬೋರಲು ಬಿದ್ದಿತ್ತು. ಅದನ್ನು ಹಾಗೆ ಮಲಗಿಸಿದ್ದು ಅವಳೇ. ಇವತ್ತು ಯಾವಾಗಲಾದರೂ ಗಂಡ ಹನುಮಂತ ಮಾಡುತ್ತಾನೆ, ಮಾಡಿ 'ಏನಂತೀಯಾ?' ಎಂದು ಕೇಳುತ್ತಾನೆ. ಪಶ್ಚಿಮ ಆಸ್ಟ್ರೇಲಿಯಾದ ಗಣಿಯೊಂದರಲ್ಲಿ ಅವನು ಜಿಯಾಲಜಿಸ್ಟ್. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಈಗ ಕಂಪನಿಯವರು ಪರ್ತ್‌ನ ಆಫೀಸಿಗೇ ಬಾ ಎಂದಿದ್ದಾರೆ, ಸೋಮವಾರ ಅವನು ಉತ್ತರ ಹೇಳಬೇಕು. ಪರ್ತ್‌ನಲ್ಲಿ ಒಂದು ಮನೆಯನ್ನೂ ನೋಡಿಟ್ಟಿದ್ದಾನೆ, ಹಿತ್ತಲಲ್ಲಿ ನಿಂಬೆಗಿಡವಿದೆಯಂತೆ. ಅವನು ಕೆಟ್ಟವನಲ್ಲ, ಕೇಳದೆ ಏನನ್ನೂ ಮಾಡಿದವನಲ್ಲ. ಮದುವೆಯಾದ ಹೊಸದರಲ್ಲಿ ಪರ್ತ್‌ಗೆ ಬಂದಾಗ ಕೇಳಿದ್ದ, ಅಲ್ಲಿಂದ ಬ್ರಿಸ್ಬೇನ್‌ನ ಕಲ್ಲಿದ್ದಲಿಗೆ ಹೋಗುವಾಗ ಕೇಳಿದ್ದ, ಬ್ರಿಸ್ಬೇನ್ ಬಿಟ್ಟು ಅಡಿಲೇಡ್‌ಗೆ ಬರುವಾಗಲೂ ಕೇಳಿದ್ದ. 'ಹೋಗೋಣ ಅಲ್ವಾ?' 'ಹೋಗೋಣ.' 'ಒಳ್ಳೇದಾಗುತ್ತೆ.' 'ಒಳ್ಳೇದಾಗುತ್ತೆ.' ಅವನ ಮಾತಿನ ಬಾಲವನ್ನು ಹಿಡಿದು ಹೇಳಿದರೆ ಅದೇ ಒಪ್ಪಿಗೆ. ಇದನ್ನು ಮೊದಲು ಪತ್ತೆಹಚ್ಚಿದವಳು ಮಗಳು ಪೂರ್ವಿ, ಬ್ರಿಸ್ಬೇನ್‌ನಲ್ಲಿ ಓದುತ್ತಿರುವವಳು, ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. 'ನಿಮ್ಮಪ್ಪ ಪರ್ತ್‌ಗೆ ಹೋಗೋಣ ಅಂತಿದಾರೆ ಕಣೆ' ಎಂದರೆ, 'ದಟ್ಸ್ ವಾಟ್ ಹಿ ವಾಂಟ್ಸ್, ಅಮ್ಮಾ. ವಾಟ್ ಡು ಯೂ ವಾಂಟ್?' ಎಂದಿದ್ದಳು. ಮೈಥಿಲಿಗೆ ಸಿಟ್ಟು ಬಂದಿತ್ತು. ಕೆಫೆಯ ಕೌಂಟರಿನಲ್ಲಿ, ಹಿಂದೆ ಜನ ನಿಂತಿರುವಾಗ ಕೇಳಿದ ಹಾಗೆ ಕೇಳುತ್ತಾಳಲ್ಲ, ಏನು ಬೇಕು ಎಂದು! ಸಿಟ್ಟಿಗಿಂತ ಹೆಚ್ಚಾಗಿ, ಹುಡುಕಿದರೆ ಏನೂ ಸಿಗಲಿಲ್ಲವೆಂಬ ಅವಮಾನ. ಅಡಿಲೇಡ್‌ನಲ್ಲಿ ಅಂಥದ್ದೇನಿದೆ? ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ. ವಾರಕ್ಕೊಂದು ಭಜನೆ. ಅದಕ್ಕಾಗಿ ಗಂಡನನ್ನು ಒಬ್ಬನೇ ಬಿಡುತ್ತೇನೆಂದರೆ ಜನ ನಗುತ್ತಾರೆ.

ಆ ಕೆಲಸದಿಂದಲೇ ವರ್ನಾಳ ಪರಿಚಯವಾದದ್ದು. ಎಂಬತ್ತು ದಾಟಿದ ಹೆಂಗಸು, ತಿಂಗಳಿಗೊಮ್ಮೆ ರಕ್ತ ಕೊಡಲು ಬರುತ್ತಿದ್ದಳು. ಅವಳ ನರ ಕಣ್ಣಿಗೆ ಕಾಣುವಂಥದಲ್ಲ, ಬೆರಳಿಗೆ ಸಿಗುವಂಥದು. ಮೈಥಿಲಿ ಮೊಣಕೈಯ ಒಳಗೆ ಒತ್ತಿ ಒತ್ತಿ ಹುಡುಕುವಾಗ, ಸೂಜಿ ಚುಚ್ಚಿದ ಕ್ಷಣದಲ್ಲಿ, ಮುದುಕಿ ಕಣ್ಣು ಮುಚ್ಚಿ ಗಂಟಲೊಳಗೇ ಏನನ್ನೋ ಗುನುಗಿದಳು. ಒಂದು ಸ್ವರ ಮೇಲಿನಿಂದ ಹೊರಟು, ಇಳಿಯಬೇಕಾದ ಕಡೆ ಇಳಿಯದೆ, ಎರಡು ಸ್ವರಗಳ ನಡುವಿನ ಸಂದಿಯಲ್ಲಿ ಒಂದು ಗಳಿಗೆ ಕೂತು ಆಮೇಲೆ ಜಾರಿತು. ಮೈಥಿಲಿಯ ಕೈ ಅಲ್ಲೇ ನಿಂತುಬಿಟ್ಟಿತು. ಟ್ಯೂಬು ತುಂಬಿದ್ದು ನೋಡಿಕೊಳ್ಳದೆ 'ಇದು ದೇವರ ಹಾಡಾ?' ಎಂದು ಕೇಳಿದಳು. ವರ್ನಾ ಒಂದು ಕಣ್ಣು ತೆರೆದು, 'ನನ್ನ ರಕ್ತ ಸಾಕಾದರೆ ಹೇಳುತ್ತೇನೆ' ಎಂದಳು. ಆಮೇಲೆ ಹತ್ತಿಯುಂಡೆಯನ್ನು ಒತ್ತಿ ಹಿಡಿದುಕೊಂಡು ಕೂತೇ ಹೇಳಿದಳು. ಅವಳಪ್ಪ ಯುದ್ಧಕಾಲದಲ್ಲಿ ಬ್ರಿಸ್ಬೇನ್‌ಗೆ ಬಂದಿದ್ದ ಅಮೆರಿಕದ ಕಪ್ಪು ಸೈನಿಕ; ಮಗಳ ಮುಖ ನೋಡುವ ಮೊದಲೇ ಹಡಗು ಹತ್ತಿಸಿದ್ದರು. ಅವನ ದೇಶದ ಹಾಡುಗಳನ್ನು ಅವಳು ರೆಕಾರ್ಡು ಕೇಳಿ ಕಲಿತಳು. ಬ್ಲೂಸ್ ಅಂದರೆ ಒಬ್ಬರ ಗೋಳು, ಎಂದಳು. ಒಬ್ಬಳು ಹೇಳುತ್ತಾಳೆ, ಕೇಳುವವರು ಯಾರೂ ಇಲ್ಲ, ಅದಕ್ಕೇ ಗಿಟಾರು ಉತ್ತರ ಕೊಡುತ್ತದೆ, ಪಾಪ. ಸೋಲ್ ಸಂಗೀತ ಹುಟ್ಟಿದ್ದು ಚರ್ಚಿನಲ್ಲಿ. ಅಲ್ಲಿ ಒಬ್ಬರು ಕೂಗಿದರೆ ಬೆಂಚುಗಳೆಲ್ಲ ಎದ್ದು ನಿಂತು ಓಗೊಡುತ್ತವೆ. ಯಾರೋ ಪುಣ್ಯಾತ್ಮರು ಬ್ಲೂಸ್‌ನಿಂದ ಗೋಳನ್ನೂ ಚರ್ಚಿನಿಂದ ಜನರನ್ನೂ ತಂದು ಒಂದೇ ಕೋಣೆಯಲ್ಲಿ ಕೂರಿಸಿದರು. 'ಚರ್ಚಿನವರು ಸುಮ್ಮನಿದ್ದರಾ?' ಎಂದು ಮೈಥಿಲಿ ಕೇಳಿದಳು. 'ಸುಮ್ಮನಿರುತ್ತಾರಾ! ದೇವರ ಹೆಸರು ತೆಗೆದು ಗಂಡಸಿನ ಹೆಸರು ಹಾಕಿದರೆ?' ಮುದುಕಿ ನಕ್ಕಳು. ಭಾನುವಾರ ಮಧ್ಯಾಹ್ನ ಕಿಲ್ಬರ್ನ್‌ನ ಪಬ್ಬಿನಲ್ಲಿ ಹಾಡುತ್ತೇನೆ, ಬಂದು ಕೇಳು, ಎಂದಳು. ಹೊರಗೆ ಮುಂದಿನ ಪೇಷೆಂಟು ಕೆಮ್ಮಿದ.

ಆ ತಿಂಗಳಿಡೀ ಮೈಥಿಲಿ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಕಿವಿಗೆ ಸಿಕ್ಕಿಸಿಕೊಂಡು ಅಂಥ ಹಾಡುಗಳನ್ನೇ ಕೇಳಿದಳು. ಮಾತು ಅರ್ಧ ತಿಳಿಯುತ್ತಿರಲಿಲ್ಲ. ಅವಳು ಹುಡುಕುತ್ತಿದ್ದದ್ದು ಆ ಸಂದಿಯನ್ನು: ಇಷ್ಟು ಹೊತ್ತು ಪ್ರಾರ್ಥನೆಯಾಗಿದ್ದ ದನಿ ಯಾವ ಜಾಗದಲ್ಲಿ ದೂರು ಹೇಳತೊಡಗುತ್ತದೆ? ಹಿಂದಕ್ಕೆ ಹಾಕುವಳು, ಮತ್ತೆ ಕೇಳುವಳು. ಸಾರು ಉಕ್ಕಿ ಸ್ಟೌವಿನ ಮೇಲೆ ಹರಿಯುವುದು. ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ, ಅವಳು ಹುಡುಗಿಯಾಗಿದ್ದಾಗ, ಭಜನಾಮಂದಿರಕ್ಕೂ ಚರ್ಚಿಗೂ ನಡುವೆ ಒಂದೇ ಗೋಡೆ. ಶನಿವಾರ ಸಂಜೆ ಈ ಕಡೆಯ ತಾಳ ಆ ಕಡೆಗೆ, ಆ ಕಡೆಯ ಹಾರ್ಮೋನಿಯಂ ಈ ಕಡೆಗೆ. ಭಜನೆಗೆ ಮುಂದಾಳು ನಾಗಮ್ಮ. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂಗಾರಪೇಟೆಯಲ್ಲಿದ್ದ, ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ನಾಗಮ್ಮ ದೇವರನ್ನು 'ಬಾರೋ' ಎಂದು ಕರೆಯುವಾಗ ಆ 'ರೋ' ಒಂದು ಕಡೆ ವಾಲುತ್ತಿತ್ತು, ಮತ್ತು ಹಿಮ್ಮೇಳದ ಹೆಂಗಸರೆಲ್ಲ ತಲೆ ತಗ್ಗಿಸಿ ಅದನ್ನು ಅಷ್ಟೇ ವಾಲಿಸಿ ಹೇಳುತ್ತಿದ್ದರು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿಮ್ಮೇಳದವರು ಮುಂದಾಳುವನ್ನು ಮೀರಬಾರದು, ಅದೇ ಕಲಿಸಿದ್ದು. ಅಷ್ಟು ಹೆಂಗಸರು ಯಾರನ್ನು ಕರೆಯುತ್ತಿದ್ದರು? ಆಗ ಹೊಳೆಯದ ಈ ಪ್ರಶ್ನೆ ಈಗ ಅಡಿಲೇಡ್‌ನಲ್ಲಿ ಸ್ಟೌವು ಒರೆಸುವಾಗ ಹೊಳೆದು ಅವಳು ಬಟ್ಟೆ ಹಿಡಿದುಕೊಂಡೇ ನಿಂತಳು.

ಹೋದ ವಾರ ಕಮಲಾ ಆಂಟಿಗೆ ನೆಗಡಿಯಾಗಿ, ಒಂದೇ ಒಂದು ದೇವರನಾಮ ನೀನು ಹೇಳಿಕೊಡು ಮೈಥಿಲಿ ಎಂದರು. ಅವಳ ಜೀವಮಾನದಲ್ಲಿ ಮೊದಲ ಸಲ. ಹೇಳಿದಳು. 'ಬಾರೋ' ಬಂತು, ಮತ್ತು ತಾನಾಗಿಯೇ ವಾಲಿತು. ಹಿಮ್ಮೇಳ ತಪ್ಪಿತು. ಅಷ್ಟೂ ಜನ ಆ ಜಾಗದಲ್ಲಿ ಮುಗ್ಗರಿಸಿ, ಕೆಲವರು ನೆಟ್ಟಗೆ ಹೋಗಿ, ಕೆಲವರು ವಾಲಲು ನೋಡಿ, ಯಾರೋ ಕಿಸಕ್ಕೆಂದರು. ಪ್ರಸಾದದ ಹೊತ್ತಿಗೆ ಆಂಟಿ ಅವಳ ತಟ್ಟೆಗೆ ಕೋಸಂಬರಿ ಬಡಿಸುತ್ತಾ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟೇ ಮೆಲ್ಲಗೆ ಹೇಳಿದರು: 'ದೇವರನ್ನ ದೇವರ ಥರ ಕರೀಬೇಕಮ್ಮ. ಗಂಡನ್ನ ಕರೆಯೋ ಹಾಗೆ ಕರೆದ್ರೆ ಹೆಂಗೆ?' ಎಲ್ಲರೂ ನಕ್ಕರು, ಮೈಥಿಲಿಯೂ ನಕ್ಕಳು. ಮನೆಗೆ ಬಂದು ಚಪ್ಪಲಿ ಬಿಡುವಾಗ ಒಂದು ವಿಷಯ ನೆನಪಾಗಿ ಬಾಗಿಲಲ್ಲೇ ಕೂತಳು. ಗಂಡನನ್ನು ಅವಳು ಹಾಗೆ ಎಂದೂ ಕರೆದಿರಲಿಲ್ಲ. ಹಾಗೇಕೆ, ಹೇಗೂ ಕರೆದಿರಲಿಲ್ಲ. ಅವನು ಹೋಗುತ್ತಿದ್ದ, ಬರುತ್ತಿದ್ದ, ಅವನ ಪಾಳಿಯ ರೋಸ್ಟರು ಫ್ರಿಜ್ಜಿನ ಮೇಲೆ ಅಂಟಿಸಿರುತ್ತಿತ್ತು.

ಪಬ್ಬು ಅಂದುಕೊಂಡಷ್ಟು ಭಯಂಕರವಾಗಿರಲಿಲ್ಲ. ಹಳೆಯ ಕಾರ್ಪೆಟ್ಟು, ಹುರಿದ ಆಲೂಗಡ್ಡೆಯ ವಾಸನೆ, ವಯಸ್ಸಾದವರೇ ಹೆಚ್ಚು. ಬಾಗಿಲು ದಾಟುವಾಗ ಅವಳ ಬಲಗಾಲು ತಾನಾಗಿ ಚಪ್ಪಲಿಯನ್ನು ಸಡಿಲಿಸಿತು, ಹಾಡಿನ ಮನೆಯಲ್ಲವೇ? ಅರ್ಧ ಬಿಚ್ಚಿದ್ದನ್ನು ಮತ್ತೆ ತುರುಕಿಕೊಂಡು, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದಳು. ಕೌಂಟರಿನಲ್ಲಿ ಲೆಮನ್ ಲೈಮ್ ಕೇಳುವಾಗ 'ಬರೀ ಇಷ್ಟೇನಾ, ಲವ್?' ಎಂದ ಹುಡುಗಿಗೆ 'ಇಷ್ಟೇ' ಎಂದಳು. ಗಾಜಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಪಕ್ಕದ ಕುರ್ಚಿಯಲ್ಲಿ ತುದಿಗೆ ಕೂತಳು. ಕನ್ನಡದವರು ಯಾರಾದರೂ ಬಂದರೆ ಟಾಯ್ಲೆಟ್ಟಿಗೆ ಬಂದಿದ್ದೆ ಎನ್ನಬಹುದು. ವರ್ನಾ ಸ್ಟೇಜಿನ ಮೇಲೆ ಕುರ್ಚಿಯಲ್ಲೇ ಕೂತಿದ್ದಳು, ಆಸ್ಪತ್ರೆಗೆ ಬರುವ ಅದೇ ನೀಲಿ ಕಾರ್ಡಿಗನ್ನು. ಹಿಂದೆ ಗಿಟಾರಿನವನು, ಡ್ರಮ್ಮಿನವನು, ಆರ್ಗನ್ ನುಡಿಸುವ ದಪ್ಪ ಗಂಡಸು. ಆರ್ಗನ್ ಶುರುವಾದದ್ದೇ ತಡ ಮೈಥಿಲಿಗೆ ಗೋಡೆಯಾಚೆಯ ಹಾರ್ಮೋನಿಯಂ ಕೇಳಿದಂತಾಗಿ ಬೆನ್ನು ನೆಟ್ಟಗಾಯಿತು. ಮುದುಕಿ ಮೊದಲ ಸಾಲು ಹೇಳಿದಳು. ನೀನು ಹೋದ ಊರಿಗೆ ನನ್ನ ಬಸ್ಸು ಹೋಗುವುದಿಲ್ಲ ಎಂಬ ಅರ್ಥದ, ಒಂದು ಅಲಂಕಾರವೂ ಇಲ್ಲದ ಸಾಲು. ಹೇಳಿ ನಿಲ್ಲಿಸಿದಳು. ನಿಲ್ಲಿಸಿದ ಮೇಲೆ ಖಾಲಿ ಜಾಗ.

ಆ ಖಾಲಿ ಜಾಗದಲ್ಲಿ ಏನು ಮಾಡಬೇಕೆಂದು ಮೈಥಿಲಿಯ ಗಂಟಲಿಗೆ ಮೊದಲಿನಿಂದಲೂ ಗೊತ್ತಿತ್ತು, ಅವಳನ್ನು ಕೇಳಲೂ ಇಲ್ಲ. ಅದೇ ಸಾಲು, ಅದೇ ಮಾತು, ವಾಲುವ ಕಡೆ ಅಷ್ಟೇ ವಾಲಿಸಿ, ಗಟ್ಟಿಯಾಗಿ, ಒಬ್ಬಳೇ, ಹೇಳಿಬಿಟ್ಟಳು.

ಕುರ್ಚಿಗಳು ತಿರುಗಿದವು. ಗಿಟಾರಿನವನು ತಾನು ತುಂಬಬೇಕಾಗಿದ್ದ ಜಾಗ ಹೋದದ್ದಕ್ಕೆ ಬೆರಳೆತ್ತಿ ಸುಮ್ಮನೆ ನೋಡಿದ. ಯಾರೋ 'ಗುಡ್ ಆನ್ ಯಾ, ಲವ್!' ಎಂದು ಕೂಗಿ ಚಪ್ಪಾಳೆ ತಟ್ಟಿದರು, ಅದು ಬೈಗುಳಕ್ಕಿಂತ ಕಡೆಯಾಗಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಕಿವಿಯೆರಡೂ ಬಿಸಿಯಾದವು, ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ, ಎದ್ದು ಹೋಗಬೇಕೆಂದರೆ ಇಡೀ ಪಬ್ಬನ್ನು ದಾಟಬೇಕು. ವರ್ನಾ ಕೈಯೆತ್ತಿ ಡ್ರಮ್ಮನ್ನು ಸಣ್ಣಗೆ ಮಾಡಿಸಿದಳು. ಕಣ್ಣು ಕಿರಿದು ಮಾಡಿ ನೋಡಿ, 'ಓ, ನನ್ನ ಸೂಜಿಯಮ್ಮ!' ಎಂದು ಮೈಕಿನಲ್ಲೇ ಅಂದಳು. ಎಲ್ಲರೂ ನಕ್ಕರು. 'ಚೆನ್ನಾಗಿ ಹೇಳಿದೆ. ಆದರೆ ಅದು ನನ್ನ ಮಾತು. ನಾನು ಕೊಟ್ಟದ್ದನ್ನೇ ನನಗೆ ವಾಪಸು ಕೊಟ್ಟರೆ ನಾನೇನು ಮಾಡಲಿ? ನನ್ನ ಹತ್ತಿರ ಅದು ಇದೆಯಲ್ಲ.' ಮತ್ತೆ ಅದೇ ಸಾಲನ್ನು ಹೇಳಿದಳು, ಮತ್ತೆ ಜಾಗ ಬಿಟ್ಟಳು, ಈ ಸಲ ಅವಳ ಕಡೆ ಕೈಚಾಚಿ.

ಆರ್ಗನ್ ಕಾಯುತ್ತಿತ್ತು. ಮೈಥಿಲಿ ಬಾಯಿ ತೆರೆದಳು, ಒಳಗೆ ಏನೂ ಇರಲಿಲ್ಲ. ಇದು ಗೊತ್ತಿದ್ದದ್ದೇ, ಪೂರ್ವಿ ಕೇಳಿದಾಗಲೂ ಇರಲಿಲ್ಲ. ಎಲ್ಲರೆದುರು ಖಾಲಿ ಪಾತ್ರೆ ಬೋರಲು ಹಾಕಿ ತೋರಿಸಿದ ಹಾಗಾಯಿತು. ಆದರೆ ಮುದುಕಿ ಜಾಗವನ್ನು ಮುಚ್ಚಲಿಲ್ಲ. ಡ್ರಮ್ಮಿನವನು ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ. ಎಂದೂ ಯಾರೂ ಅವಳ ಮಾತಿಗಾಗಿ ಇಷ್ಟು ಹೊತ್ತು ಕಾದಿರಲಿಲ್ಲ, ಹನುಮಂತನೂ 'ಏನಂತೀಯಾ' ಎಂದು ಕೇಳಿ ಅದೇ ಉಸಿರಿಗೆ ಪ್ಯಾಕರ್ಸ್‌ ನಂಬರ್ ಹುಡುಕುತ್ತಿದ್ದ. ನರ ಕಾಣದಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ, ಬೆರಳಿಗೆ ಬಿಡುತ್ತಾಳೆ. ಈಗಲೂ ಮುಚ್ಚಿಕೊಂಡಳು. 'ಸಾಕಾಗಿದೆ' ಎಂದಳು. ಮಾತಿನಂತೆಯೇ ಬಂತು, ಆಮೇಲೆ ತಾನೇ ಸ್ವರ ಹತ್ತಿತು: ಸಾಕಾಗಿದೆ, ನನಗೆ ಊರು ಬದಲಿಸಿ ಸಾಕಾಗಿದೆ. ಕನ್ನಡವೇ ಬಂತು. ವರ್ನಾ ತಲೆ ಹಿಂದಕ್ಕೆ ಹಾಕಿ, 'ಹಾಂ!' ಎಂದಳು. ಆರ್ಗನ್ನಿನ ದಪ್ಪ ಗಂಡಸು ಆ ಒಂದು ಮಾತನ್ನು ಹಿಡಿದು, 'ಸಾಕಾಗೀಡೇ' ಎಂದು ಹಿಂದಿನಿಂದ ಎತ್ತಿದ. ಮುಂದಿನ ಸುತ್ತಿಗೆ ಗಿಟಾರಿನವನೂ ಸೇರಿದ, ಅದರ ಮುಂದಿನದಕ್ಕೆ ಬಿಯರು ಹಿಡಿದ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ, ಅರ್ಥ ಗೊತ್ತಿಲ್ಲದೆ, ಟೇಬಲ್ಲು ತಟ್ಟುತ್ತಾ, 'ಸಾಕಾಗೀಡೇ, ಸಾಕಾಗೀಡೇ'. ಮೈಥಿಲಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಹಿಮ್ಮೇಳದಲ್ಲಿ ಕೂತು ಕೂತು, ಮುಂದೆ ಕೂತವರಿಗೆ ಅದು ಬೆನ್ನಿಗೆ ಹೇಗೆ ತಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬೆಚ್ಚಗೆ ತಾಗುತ್ತದೆ. ನಾಗಮ್ಮನಿಗೂ ಹೀಗೇ ತಾಗಿರಬೇಕು, ಅದಕ್ಕೇ ಅವಳು ಒಂದು ಶನಿವಾರವೂ ತಪ್ಪಿಸುತ್ತಿರಲಿಲ್ಲ.

ಹಾಡು ಮುಗಿಯುವ ಮೊದಲೇ ಬ್ಯಾಗಿನಲ್ಲಿ ಫೋನು ಅದುರಿತು. ಅವಳು ಫೋನು ಹಿಡಿದು ಪಕ್ಕದ ಬಾಗಿಲಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ಬಂದಳು. ಹೊರಗೆ ಇನ್ನೂ ಚುರುಗುಟ್ಟುವ ಬಿಸಿಲು, ಖಾಲಿ ಬಿಯರು ಪೀಪಾಯಿಗಳು, ರಸ್ತೆಯಾಚೆ ಟೈರಿನ ಅಂಗಡಿ.

'ಎಲ್ಲಿದೀಯಾ? ಏನದು ಗಲಾಟೆ?' ಎಂದ ಹನುಮಂತ. ಅವನ ಹಿಂದೆ ಗಾಳಿ ಬೀಸುತ್ತಿತ್ತು.

'ಕಿಲ್ಬರ್ನ್‌ನಲ್ಲಿ. ಪಬ್ಬಲ್ಲಿ.'

'ಪಬ್ಬಲ್ಲಿ?'

'ಹಾಡ್ತಿದ್ದೆ.'

'ಹಾಡ್ತಿದ್ದೆ' ಎಂದ ಅವನು, ನಗಬೇಕೋ ಬೇಡವೋ ಎಂದು ತಿಳಿಯದ ದನಿಯಲ್ಲಿ. ಆಮೇಲೆ, 'ಸರಿ, ಅದಿರಲಿ. ಆ ಮನೆಯವರು ಇವತ್ತೇ ಹೇಳಿ ಅಂತಿದಾರೆ. ನಾಳೆ ಆಫೀಸಿಗೂ ಹೇಳ್ಬೇಕು. ಹೋಗೋಣ ಅಲ್ವಾ? ಏನಂತೀಯಾ?'

'ಹೋಗೋಣ' ನಾಲಿಗೆಯ ತುದಿಗೆ ಬಂದು ಕೂತಿತ್ತು, ಹಳೆಯ ನಾಯಿ ಬಾಗಿಲಿಗೆ ಬಂದು ಕೂರುವಂತೆ. ಅವಳು ಅದನ್ನು ನೋಡಿದಳು. 'ನಾನು ಪರ್ತ್‌ಗೆ ಬರಲ್ಲ ರೀ' ಎಂದಳು.

ಅವನು ಕೂಗಾಡುತ್ತಾನೆಂದು ಅವಳು ಕಾದಳು. ಕೂಗಾಡಿದರೆ ಕೊಡಲು ಉತ್ತರಗಳಿದ್ದವು, ಬಾಗಿಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಜೋಡಿಸಿಕೊಂಡಿದ್ದಳು: ಕೆಲಸ, ಪಿಂಚಣಿ, ಪೂರ್ವಿ ರಜೆಗೆ ಬಂದರೆ ಇಳಿಯುವ ಮನೆ. ಗಾಳಿ ಬೀಸುತ್ತಲೇ ಇತ್ತು. ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದಳು. ಕಟ್ಟಾಗಿರಲಿಲ್ಲ.

'ನಂಗೆ ಇಲ್ಲಿ ಒಬ್ನೇ ಇರಕ್ಕಾಗ್ತಿಲ್ಲ ಮೈಥಿಲಿ' ಎಂದ.

ಇಷ್ಟು ವರ್ಷ ಅವನು ಹೇಳುತ್ತಿದ್ದದ್ದು ನಿನಗೊಬ್ಬಳಿಗೇ ಕಷ್ಟವಾಗುತ್ತದೆ ಎಂದು. ಬ್ರಿಸ್ಬೇನ್‌ಗೆ ಹೋಗುವಾಗಲೂ ಅದೇ, ನಿಂಬೆಗಿಡದ ಮನೆಗೂ ಅದೇ ಕಾರಣ. ಈ ದನಿಯನ್ನು ಅವಳು ಕೇಳಿರಲಿಲ್ಲ. ಮಾತಿನ ಕೊನೆಗೆ ಬಂದಾಗ ಅದು ಇಳಿಯಬೇಕಾದ ಕಡೆ ಇಳಿಯದೆ ನಿಂತಿತ್ತು. ಅವಳಿಗೆ ಮರುಕವಾಯಿತು, ಮರುಕದ ಜೊತೆಗೇ ಒಂದು ವಿಚಿತ್ರ ಕುತೂಹಲ: ಈ ಮನುಷ್ಯ ಸಂಜೆ ಕ್ಯಾಂಪಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಏನು ಮಾಡುತ್ತಾನೆ? ಯಾರ ಹತ್ತಿರ ಮಾತಾಡುತ್ತಾನೆ? ಮದುವೆಯಾಗಿ ಇಷ್ಟು ಕಾಲವಾದರೂ ಕೇಳಬೇಕೆಂದು ಅನ್ನಿಸಿಯೇ ಇರಲಿಲ್ಲ. ಅವನು ಸಾಲು ಹೇಳುವವನು, ಹೇಳುವವನಿಗೇನು ಕೊರತೆ ಎಂದುಕೊಂಡಿದ್ದಳು. ಜೋಡಿಸಿಕೊಂಡಿದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ. ಒಳಗೆ ಪಬ್ಬಿನಲ್ಲಿ ಚಪ್ಪಾಳೆ ಬಿದ್ದು, ಇನ್ನೊಂದು ಹಾಡಿಗೆ ಶ್ರುತಿ ಮಾಡಿಕೊಳ್ಳುವುದು ಕೇಳಿಸುತ್ತಿತ್ತು.

'ಹಲೋ? ಇದೀಯಾ?' ಎಂದ ಹನುಮಂತ.

'ಇದೀನಿ.'

'ಏನಾದ್ರೂ ಹೇಳು.'

ಅವಳು ಅವಸರ ಮಾಡಲಿಲ್ಲ. ಪೀಪಾಯಿಯೊಂದಕ್ಕೆ ಒರಗಿ ನಿಂತಳು, ಬಿಸಿಲಿಗೆ ಕಾದಿದ್ದ ತಗಡು ಸೊಂಟವನ್ನು ಸುಟ್ಟಿತು.

'ಹಾಗಾದ್ರೆ ನೀವೇ ಈ ಕಡೆ ಬಂದ್ಬಿಡಿ' ಎಂದಳು.

ಹನುಮಂತನ ಕಡೆ ಬಾಗಿಲು ಹಾಕಿದ ಸದ್ದಾಗಿ ಗಾಳಿ ನಿಂತಿತು. ಅವನು ಫೋನನ್ನು ಇಡಲಿಲ್ಲ.